‘ಊಟ ಆಯ್ತಾ’ ಅನ್ನದ ಗಂಡನ ಮೇಲೆ ಕೇಸು

ನಗಬಾರದ ಜಾಗದಲ್ಲೇ ನಗು ಬರೋದು ನನ್ನ ಹಣೆಬರಹ. ಶಿವಾಜಿನಗರದಲ್ಲಿ ಮಾಂಸದಂಗಡಿ ಮೇಲಿನ ಪುಟ್ಟ ಆಫೀಸಿನಲ್ಲಿ ವಕೀಲಿಕೆ ಮಾಡ್ತಿದ್ದಾಗ ಬರ್ತಿದ್ದಿದ್ದೆಲ್ಲ ಗಂಡ-ಹೆಂಡತಿ ಕೇಸುಗಳೇ. ಈಗ ಆಫೀಸು ಮುಚ್ಚಿ ಕುಕ್ ಟೌನಿನ ಮನೇಲಿ ಕೂತಿದ್ದೀನಿ. ಆ ಒಂದು ಜೋಡಿ ಮಾತ್ರ ಮನಸ್ಸು ಬಿಟ್ಟು ಹೋಗಿಲ್ಲ.

೧. ಬಂದ ಗಾಡಿ

ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು, "ಗಂಡನಿಂದ ಬೇರೆ ಇರ್ಬೇಕು ಮೇಡಂ. ಡಿವೋರ್ಸ್ ಬೇಡ, ತಾಳಿ ಇರ್ಲಿ" ಅಂದ್ರು. ಅದಕ್ಕೂ ಕಾನೂನಿದೆ ಅಂದೆ. ಮದುವೆ ಹಾಗೇ ಇರುತ್ತೆ, ಒಟ್ಟಿಗೆ ಬಾಳಬೇಕಾಗಿಲ್ಲ ಅಷ್ಟೆ. ಅವರ ಹಿಂದೆ ಹೆಲ್ಮೆಟ್ ಹಿಡ್ಕೊಂಡು ಒಬ್ಬರು ನಿಂತಿದ್ರು.

"ಇವರು ಯಾರಮ್ಮ?"

"ಇವ್ರ ಮೇಲೇನೇ ಕೇಸು."

"ಮತ್ತೆ ಇವ್ರೇ ಕರ್ಕೊಂಡ್ ಬಂದ್ರಾ?"

"ನಮ್ಮ ಟಿನ್ ಫ್ಯಾಕ್ಟರಿ ಏರಿಯಾದಿಂದ ಆಟೋದವ್ರು ಯಾರೂ ಬರಲ್ಲ ಅಂದ್ರು ಮೇಡಂ" ಅಂತ ಗಂಡನೇ ಹೇಳಿದ್ರು.

೨. ದೂರು

ಇಪ್ಪತ್ತೆರಡು ವರ್ಷದಲ್ಲಿ ಗಂಡ ಒಂದು ದಿನಾನೂ "ಊಟ ಆಯ್ತಾ" ಅಂತ ಕೇಳಿಲ್ಲ, ತಾನೊಬ್ಬಳು ಮನೇಲಿದ್ದೀನಿ ಅನ್ನೋದೇ ಅವ್ರಿಗೆ ಗೊತ್ತಿಲ್ಲ ಅಂತ ಆಕೆ ಅತ್ತರು. ನಮ್ಮನೆಯವರು ಇದ್ದಾಗ ದಿನಾ ಕೇಳ್ತಿದ್ರು. ನಾನೇ ಫೈಲಿನಿಂದ ತಲೆ ಎತ್ತದೆ ಹೂಂ ಅಂತಿದ್ದೆ. ಈಗ ಆ ಮಾತಿಗೆ ಕಿವಿ ಹಂಬಲಿಸುತ್ತೆ.

"ಯಾಕ್ರೀ, ಒಂದು ಮಾತು ಕೇಳೋಕೇನು?" ಅಂದೆ ಗಂಡನಿಗೆ.

"ಅಡುಗೆ ಮಾಡೋಳು ಅವಳು, ಬಡಿಸೋಳು ಅವಳು. ಉಂಡ್ಲೋ ಇಲ್ವೋ ಅವಳಿಗೇ ಗೊತ್ತಿರುತ್ತಲ್ಲ ಮೇಡಂ?"

೩. ಒಂದು ದಿನದ ಪರ್ಮಿಷನ್

ಬೇರೆ ಇರಬಹುದು ಅಂತ ಕೋರ್ಟಿಂದ ಆರ್ಡರ್ ಆಯ್ತು. ಆಕೆ ಹಲಸೂರಿನ ಅಣ್ಣನ ಮನೆಗೆ ಹೋದರು. ಕೆಲವು ತಿಂಗಳಾದ ಮೇಲೆ ಗಂಡ ಏದುಸಿರು ಬಿಡ್ತಾ ಬಂದರು. ಮಗಳ ಮದುವೆಯಂತೆ, ಧಾರೆಗೆ ಅಪ್ಪ-ಅಮ್ಮ ಜೊತೇಲಿ ನಿಲ್ಲಬೇಕಂತೆ.

"ಕೋರ್ಟು ಬೇರೆ ಇರಿ ಅಂದಿದೆ. ಪಕ್ಕದಲ್ಲಿ ನಿಂತ್ರೆ ಅರೆಸ್ಟ್ ಮಾಡ್ತಾರಾ? ಒಂದೇ ದಿನಕ್ಕೆ ಪರ್ಮಿಷನ್ ಕೊಡ್ಸಿ."

ಯಾರೂ ಹಿಡಿಯಲ್ಲ, ಧೈರ್ಯವಾಗಿ ನಿಂತ್ಕೊಳ್ಳಿ ಅಂದೆ. ಆದರೂ ಧಾರೆ ಹೊತ್ತಿಗೆ ನನ್ನನ್ನ ಮಂಟಪದ ಪಕ್ಕದಲ್ಲೇ ಕೂರಿಸಿದ್ರು, ಆರ್ಡರ್ ಕಾಪಿ ಸಮೇತ.

೪. ವರ್ಷ ತುಂಬಿದಾಗ

ವರ್ಷ ಕಳೆದು ಆಕೆ ಮತ್ತೆ ಬಂದರು. ಇನ್ನು ಡಿವೋರ್ಸ್ ಕೇಳಬಹುದು, ಇಲ್ಲಾ ಆರ್ಡರ್ ರದ್ದು ಮಾಡಿಸಿ ಮನೆಗೆ ಹೋಗಬಹುದು ಅಂದೆ. ಎರಡಕ್ಕೂ ಬೇಡ ಅಂತ ತಲೆ ಆಡಿಸಿದರು. ಅಷ್ಟರಲ್ಲಿ ಆಕೆಗೆ ಫೋನು ಬಂತು.

"ಇನ್ನೂ ಇಲ್ಲರೀ, ಮೇಡಂ ಹತ್ರ ಇದ್ದೀನಿ. ನಿಮ್ದಾಯ್ತಾ?"

ಕಿಟಕಿಯಿಂದ ಬಗ್ಗಿ ನೋಡಿದೆ. ಆಕೆಯನ್ನ ಕರ್ಕೊಂಡು ಬಂದಿದ್ದ ಗಂಡ ಕೆಳಗೆ ಸ್ಕೂಟರ್ ಮೇಲೆ ಕೂತು ಮಾತಾಡ್ತಿದ್ರು.

"ಬೇರೆ ಆದಾಗಿಂದ ದಿನಾ ಒಂದು ಗಂಟೆಗೆ ಊಟ ಆಯ್ತಾ ಅಂತ ಕೇಳ್ತಾರೆ ಮೇಡಂ" ಅಂದ್ರು ಆಕೆ, ನಾಚಿಕೊಂಡು.

"ಮತ್ತಿನ್ನೇನು, ಮನೆಗೆ ಹೋಗಿ ತಾಯಿ."

"ಹೋದ್ರೆ ಕೇಳೋದು ನಿಲ್ಲಿಸ್ಬಿಡ್ತಾರೆ. ಇನ್ನೊಂದು ವರ್ಷ ಹೀಗೇ ಬೇರೆ ಇರೋ ಹಾಗೆ ಮಾಡ್ಕೊಡಿ."