ಸಾಯಲಾರದ ಮೀನ ಕೊಡ್ರಿ

ಸೋಲಾಪುರದಾಗ ಬಣ್ಣದ ಮೀನಿನ ಅಂಗಡಿ ಇಟ್ಟು ಹದಿನಾರು ವರ್ಷ ಆತು. ದಿನಾ ಒಬ್ಬರರೆ ಬಂದು, "ಹೊಸದಾಗಿ ಸಾಕಾಕತ್ತೀವಿ, ಸಾಯಲಾರದ ಮೀನ ಕೊಡ್ರಿ" ಅಂತಾರ. ಬ್ರಹ್ಮದೇವನ ಕಡೆನ ಆ ಮಾಲಿಲ್ಲ, ನನ್ನ ಕಡೆ ಎಲ್ಲಿಂದ ಬರಬೇಕು? ಹೋದ ಶ್ರಾವಣದಾಗ ಒಬ್ಬ ಹೆಣ್ಮಗಳು ಬಂದಿದ್ರು; ಅಣ್ಣನ ಹೆಂಡತಿನ ಕರದಂಗ ನಾ ಅವರಿಗೆ ವೈನಿ ಅಂತಿದ್ದೆ. ಅವರ ಮನಿದಂತೂ ದೊಡ್ಡ ಪುರಾಣ ಆತು.

ಮಾರಿ ಅಷ್ಟ ಹಿಡಸ್ತೈತಿ

ವೈನಿಯವರದು ಚಾದರ ವ್ಯಾಪಾರದ ಮನಿ. ಮಗಳಿಗೆ ವರ ನೋಡಾಕತ್ತಿದ್ರು. ಐದು ಕಡೆಯವರು ಬಂದು ಅವಲಕ್ಕಿ ತಿಂದು, "ತಿಳಸ್ತೀವಿ" ಅಂತ ಹೋದವರು ಹೋಗೇಬಿಟ್ಟಿದ್ರು. ಅಷ್ಟರಾಗ ವಾಸ್ತು ಹೇಳಾವ ಒಬ್ಬ ಬಂದು, "ಈಶಾನ್ಯ ಮೂಲ್ಯಾಗ ಮೀನ ಇಡ್ರಿ, ಲಗ್ನ ಕೂಡತೈತಿ. ಆದ್ರ ಬೀಗರು ಬರೂತನಕ ಒಂದೂ ಸಾಯಬಾರದು" ಅಂದನಂತ. ಹೇಳಿದಾವ ಚಹಾ ಕುಡದು ಹೋದ, ಸಾವಿನ ಜವಾಬ್ದಾರಿ ನನ್ನ ತಲಿಗೆ ಬಂತು.

"ಅಣ್ಣಾರ, ಅದನ್ನ ಕೊಡ್ರಿ" ಅಂತ ಮೊಣಕೈ ಉದ್ದದ ಮೀನ ತೋರಿಸಿದ್ರು.

"ಎದರಾಗ ಇಡ್ತೀರಿ?"

ಎರಡೂ ಕೈಲೆ ಉಪ್ಪಿನಕಾಯಿ ಭರಣಿಯಷ್ಟು ಅಳತಿ ತೋರಿಸಿದ್ರು.

"ಅದರಾಗ ಇದರ ಮಾರಿ ಅಷ್ಟ ಹಿಡಸ್ತೈತಿ, ವೈನಿ. ಉಳದದ್ದು ಎಲ್ಲಿ ಇಡೋಣು?"

ಒಂದೂವರಿ ಫೂಟಿನ ಟ್ಯಾಂಕು, ಮಾಲಿ ಅನ್ನೂ ಬೆರಳುದ್ದದ ಮೀನ ಎರಡು, ಪ್ಲಾಟಿ ಅನ್ನೂವು ಮೂರು ಕೊಟ್ಟೆ. ಗಟ್ಟಿ ಜೀವ, ನಮ್ಮ ಕಡೆ ಸವಳ ನೀರು ಅವಕ್ಕ ಅಮೃತ. "ದಿನಕ್ಕೊಂದು ಚಿಟಿಕಿ ಕಾಳು ಹಾಕ್ರಿ. ವಾರಕ್ಕೊಮ್ಮೆ ನಾಕಾಣೆ ಪಾಲು ನೀರಷ್ಟ ಬದಲಿ ಮಾಡ್ರಿ. ಆ ನೀರನ್ನೂ ಒಂದು ದಿನ ಬಕೇಟಿನಾಗ ತೆರೆದಿಟ್ಟು ಹಾಕ್ರಿ. ಮುಂದ ಅವನ್ನ ಅವುಗಳ ಪಾಡಿಗೆ ಬಿಡ್ರಿ" ಅಂದೆ.

"ಅಷ್ಟಽ?" ಅಂದ್ರು ವೈನಿ. ನಮ್ಮ ಮಂದಿಗೆ ಏನ ಬೇಕಾದ್ರೂ ಮಾಡಂತ ಹೇಳ್ರಿ, ಮಾಡ್ತಾರ. ಸುಮ್ಮ ಕೂಡಂದ್ರ ಆಗಂಗಿಲ್ಲ.

ನಳ ಬಂದಿತ್ತು

ಐದನೇ ದಿನಕ್ಕ ವೈನಿ ಓಡಿ ಬಂದ್ರು. "ಅಣ್ಣಾರ, ಎರಡು ಹೋದುವ್ರಿ!"

"ಏನ ಮಾಡಿದ್ರಿ?"

"ಏನೂ ಮಾಡಿಲ್ಲ. ನಳ ಬಂದಿತ್ತು, ಅಷ್ಟ."

ನಮ್ಮ ಊರಾಗ ನಳ ಬರೂದು ನಾಕೈದು ದಿನಕ್ಕೊಮ್ಮೆ. ಬಂತಂದ್ರ ಹಂಡೆ, ಕೊಡ, ಚರಿಗಿ ಎಲ್ಲಾ ಬೋರಲ ಹಾಕಿ, ಇದ್ದಬದ್ದ ನೀರು ಚೆಲ್ಲಿ, ಹೊಸಾದು ತುಂಬೂದು. ಅದ ಭರದಾಗ ವೈನಿ ಮೀನಿನ ಟ್ಯಾಂಕೂ ಚೆಲ್ಲಿ, ತಿಕ್ಕಿ ತೊಳದು, ಔಷಧದ ವಾಸನಿ ಹೊಡಿಯೂ ನಳದ ನೀರು ಕಂಠಮಟ ತುಂಬಿದ್ರು.

"ತೆರೆದಿಟ್ಟು ಹಾಕ್ರಿ ಅಂದಿದ್ನಲ್ಲಾ ವೈನಿ!"

"ಬೀಗರು ಬರೂ ಮನಿರಿ ಅದು. ತಂಗಳ ನೀರಾಗ ಮೀನ ಇಟ್ರ ಮಂದಿ ಏನಂದಾರು?"

ಅದ ಬಣ್ಣದ್ದು ಎರಡು ಒಯ್ದ್ರು. ಚೀಲ ಸೆರಗಿನ್ಯಾಗ ಮುಚ್ಚಿಕೊಂಡು, "ನಮ್ಮ ಅತ್ತಿಯವರಿಗೆ ಹೇಳಬ್ಯಾಡ್ರಿ" ಅಂದ್ರು.

ಸೋಮವಾರದ ಉಪವಾಸ

ಮುಂದಿನ ಮಂಗಳವಾರ ಅವರ ಅತ್ತಿಯವರು ತಾವಽ ಬಂದ್ರು. ಎಪ್ಪತ್ತು ದಾಟಿದ ಆಯಿ. ಬಂದವರ, "ಮೂರು ಹೋದುವೋ ತಮ್ಮಾ" ಅಂದ್ರು.

"ಏನ ಹಾಕಿದ್ರಿ ಆಯಿ?"

"ನಿನ್ನೆ ಶ್ರಾವಣ ಸೋಮವಾರ. ಮನಿಮಂದೆಲ್ಲಾ ಉಪವಾಸ ಇದ್ದಾಗ ಅವು ಒಂದ ಹೆಂಗ ತಿನಬೇಕು? ಅವಕ್ಕೂ ಉಪವಾಸ ಹಿಡಿಸಿದ್ದೆ."

"ಒಂದು ದಿನ ಉಪವಾಸ ಇದ್ರ ಮೀನ ಸಾಯಂಗಿಲ್ರಿ. ಚೊಲೋನ ಆಗತೈತಿ."

ಆಯಿ ನನ್ನ ಹುಚ್ಚನ್ನ ನೋಡಿದಂಗ ನೋಡಿದ್ರು. "ಉಪವಾಸ ಅಂದ್ರ ಹಸಗೊಂಡು ಇರತಾರನೋ? ಉಪವಾಸದ ಫಳಾರ ಅಂತ ಶೇಂಗಾ ಪುಡಿ ಜಾಸ್ತಿ ಹಾಕಿ, ಎರಡು ಚಮಚ ಸಾಬೂದಾಣಿ ಖಿಚಡಿ ಹಾಕಿದ್ದೆ!"

ಮೂರು ಒಯ್ದ್ರು. "ಸೊಸಿಗೆ ಹೇಳಬ್ಯಾಡ" ಅಂದ್ರು.

ಬೀಗರು ಬಂದ ದಿವಸ

ಶನಿವಾರ ವೈನಿ ಮಗಳು ಬಂದ್ಲು. "ಕಾಕಾ, ನಾಳೆ ಮೈಂದರ್ಗಿ ಊರಿಂದ ಹುಡುಗನ ಕಡೆಯವರು ಬರಾಕತ್ತಾರ. ಈ ಹುಡುಗ ನನಗ ಖರೇನ ಮನಸಿಗೆ ಬಂದಾನ್ರಿ. ಮೀನ ಸತ್ತುವಂತ ನಮ್ಮವರ ಬ್ಯಾಡ ಅಂದ್ರ ನಾ ಏನ ಮಾಡ್ಲಿ?" ಅಂದು ಕಣ್ಣಾಗ ನೀರ ತಂದ್ಲು. ಅಲ್ಲಿತನಕ ನಗಾಕತ್ತಿದ್ದೆ. ಆಗ ನಗೂದು ಬಿಟ್ಟೆ. "ನಾನ ಬರ್ತೀನಿ ತಾಯಿ" ಅಂದೆ.

ಐತವಾರ ಅವರ ಅಡಗಿ ಮನ್ಯಾಗ ಬಾಗಿಲ ಮರಿಗೆ ನಿಂತೆ. ಕೈಯಾಗ ಚೀಲ, ಚೀಲದಾಗ ನಾಕು ಬದಲಿ ಮೀನ. ಲಗ್ನ ಕೂಡಸಾಕ ಹಿಂಗ ನಿಂತಾವ ಜಿಲ್ಲಾದಾಗ ನಾ ಒಬ್ಬನ ಇರಬೇಕು. ವೈನಿ ಮುಂಜಾನೆ ಬೀಗರು ಬರ್ತಾರಂತ ಟ್ಯಾಂಕು ಮತ್ತ ತಿಕ್ಕಿದ್ರು.

ಹುಡುಗನ ತಾಯಿ, ಆ ತಾಯಿಯ ಅತ್ತಿ, ಹುಡುಗ, ಮೂವರೂ ಟ್ಯಾಂಕಿನ ಎದುರಿಗೇ ಕುಂತ್ರು. ತಾಯಿ ಕೇಳಿದ್ರು, "ಇವನ್ನ ಯಾರು ನೋಡ್ಕೋತಾರ್ರಿ?"

"ನಮ್ಮ ಮಗಳ. ಇಲ್ಲಿತನಕ ಒಂದೂ ಸತ್ತಿಲ್ಲ ನೋಡ್ರಿ!" ಅಂದ್ರು ವೈನಿ. ಅವರ ಬಾಯಿ ಮುಚ್ಚೂದ್ರಾಗ ಒಂದು ಪ್ಲಾಟಿ ಹೊಟ್ಟಿ ಮ್ಯಾಲ ಮಾಡಿ ತೇಲಿತು.

ವೈನಿ ಮಾರಿ ಸುಣ್ಣ ಆತು. ಹುಡುಗಿ ಒಂದು ಗಳಿಗಿ ನೋಡಿ, ಅವಲಕ್ಕಿ ತಾಟು ಕೆಳಗಿಟ್ಲು.

"ಸಾಯ್ತಾವ್ರಿ. ಅವ್ವ ಆಯಿಗೆ ತಿಳೀಲಾರದಂಗ ಹೊಸಾವ ತರತಾಳ, ಆಯಿ ಅವ್ವಗ ತಿಳೀಲಾರದಂಗ ತರತಾಳ. ನನಗ ಎರಡೂ ಗೊತ್ತೈತಿ. ಅಂಗಡಿ ಕಾಕಾ ಒಳಗ ಚೀಲ ಹಿಡಕೊಂಡು ನಿಂತಾರ. ಕಾಕಾ, ಹೊರಗ ಬರ್ರಿ."

ಚೀಲ ಹಿಡಕೊಂಡು ಹೊರಗ ಬಂದೆ. ಭೂಮಿ ಬಾಯಿ ಬಿಡಬಾರದೇನು ಅನಿಸಿತು.

ಹುಡುಗನ ತಾಯಿ ನಕ್ಕು ನಕ್ಕು ಅವಲಕ್ಕಿ ನೆತ್ತಿಗೇರಿಸಿಕೊಂಡ್ರು. "ಅಯ್ಯ, ಅದಕ್ಯಾಕ ಅಂಜತೀರಿ? ನಮ್ಮ ಮನಿ ತುಳಸಿನೂ ಹಂಗ. ನಮ್ಮ ಅತ್ತಿಯವರು ಹಚ್ಚಿದ್ದು ಇಪ್ಪತ್ತು ವರ್ಷದಾಗ ಒಮ್ಮಿನೂ ಒಣಗಿಲ್ಲಂತ ಊರೆಲ್ಲಾ ಹೊಗಳತೈತಿ. ಖರೇ ಹೇಳ್ಲಿ? ಆರು ಸಲ ನಾನ ಬದಲಿ ಮಾಡೀನಿ!"

ಅಂದ ಮ್ಯಾಲ, ಅತ್ತಿ ಬಾಜೂಕ ಕುಂತಾರ ಅನ್ನೂದು ನೆನಪಾಗಿ ನಾಲಿಗಿ ಕಚ್ಚಿಕೊಂಡ್ರು.

ಅತ್ತಿ ಬಾಯಾಗಿನ ಅವಲಕ್ಕಿ ನಿಧಾನಕ ನುಂಗಿದ್ರು. "ಆರಲ್ಲ, ಒಂಬತ್ತು. ಮೂರು ನಾ ಹಚ್ಚೀನಿ. ಹುಡುಗಿ ಪಸಂದ ಐತಿ, ಮುಂದಿಂದು ಈಕಿ ಹಚ್ಚಲಿ."