ಗಣಪತಿ ತಿರುವಿನ ಕೈಮುಗಿಯುವ ಯಂತ್ರ

"ಪೆಟ್ಟು ತಿಂದ ಲೋಹ ಯಾವತ್ತೂ ಮರೆಯಲ್ಲ ಅತ್ತಿಗೆ! ನಾವು ಮರೀತೀವಿ, ಅದು ಮರೆಯಲ್ಲ!"

ಹೀಗೆ ಸಾರಿ, ಮೈದುನ ಪದ್ದು ತನ್ನ ಹೊಸ ಯಂತ್ರವನ್ನು ಶೇಷಮ್ಮನವರ ಮೂತಿ ಜಜ್ಜಿದ ಸ್ಕೂಟರಿಗೆ ಸಿಕ್ಕಿಸಿದ. ಯಂತ್ರವೆಂದರೆ ಹಳೆಯ ಮಿಕ್ಸಿಯ ಮೋಟಾರು, ಎರಡು ರಬ್ಬರ್ ಕೈಗವಸು, ಮೇಲೊಂದು ರೆಪ್ಪೆ ಮಿಟುಕಿಸುವ ಗೊಂಬೆಯ ತಲೆ. ಗಾಡಿಗೆ ಪೆಟ್ಟು ಬಿದ್ದ ಗಳಿಗೆಯಲ್ಲಿ ಅದನ್ನು ಓಡಿಸುತ್ತಿದ್ದವರು ಏನು ಮಾಡುತ್ತಿದ್ದರೋ ಅದನ್ನು ಹಾಗೆಯೇ ಮಾಡಿ ತೋರಿಸುತ್ತದಂತೆ!

ಶೇಷಮ್ಮನವರಿಗೆ ಇದು ಬೇಡವಾಗಿತ್ತು. ಗಣಪತಿ ಗುಡಿಯ ತಿರುವಿನಲ್ಲಿ ರಂಗಸ್ವಾಮಯ್ಯನವರ ಕಾರು ಗುದ್ದಿ ಇವರ ಬಲಗೈ ಮಣಿಕಟ್ಟು ಮುರಿದಿತ್ತು. ಈಗ ಗಣಪತಿಗೆ ಹೂ ಕಟ್ಟಲೂ ಬಾರದ ಕೈ. ಇನ್ನೊಂದು ಆಪರೇಷನ್ ಆಗಲೇಬೇಕು ಅಂದಿದ್ದರು ಡಾಕ್ಟರು. ಅದಕ್ಕೇ ಪರಿಹಾರದ ದಾವೆ. "ತಪ್ಪು ನಿಮ್ಮದೂ ಅಂತಾದ್ರೆ ಪರಿಹಾರ ಅರ್ಧಕ್ಕೆ ಇಳಿಯುತ್ತೆ ಅಮ್ಮಾ. ಎರಡೂ ಕೈ ಹ್ಯಾಂಡಲ್ ಮೇಲಿತ್ತು ತಾನೆ?" ಎಂದು ವಕೀಲರು ಕೇಳಿದಾಗ ಶೇಷಮ್ಮನವರು ಹೂಂ ಅಂದುಬಿಟ್ಟಿದ್ದರು.

ಯಂತ್ರ ಗುರ್ರೆಂದಿತು. ಎಡಗವಸು ಹ್ಯಾಂಡಲ್ ಹಿಡಿಯಿತು. ಬಲಗವಸು ಮೆಲ್ಲಗೆ ಮೇಲೆದ್ದು ಮೋಟಾರಿನ ಎದೆ ಮುಟ್ಟಿತು, ತುಟಿ ಮುಟ್ಟಿತು. ಗೊಂಬೆ ಭಕ್ತಿಯಿಂದ ಕಣ್ಣು ಮುಚ್ಚಿತು!

"ಅತ್ತಿಗೇ! ಗುಡಿ ಮುಂದೆ ಕೈ ಬಿಟ್ಟಿದ್ರಾ?"

"ನಿನ್ನ ಯಂತ್ರ ಕೆಟ್ಟಿದೆ."

"ಕಣ್ಣೂ ಮುಚ್ಚಿದ್ರಾ?"

"ಕಣ್ಣು ಬಿಟ್ಕೊಂಡು ಯಾರಾದ್ರೂ ನಮಸ್ಕಾರ ಮಾಡ್ತಾರೇನೋ, ಪೆದ್ದ!"

ಪದ್ದು ತಲೆ ಕೆರೆದುಕೊಂಡ. "ಹೋಗ್ಲಿ ಬಿಡಿ. ನಾಳೆ ಲೋಕ ಅದಾಲತ್‌ನಲ್ಲಿ ಇದನ್ನ ಅವರ ಕಾರಿಗೆ ಮಾತ್ರ ಹಾಕೋಣ."

ಮಾರನೆಯ ದಿನ ಅತ್ತಿಗೆಯನ್ನು ಅದೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದ. ನ್ಯಾಯಾಧೀಶರೇ ಕುತೂಹಲ ತಡೆಯಲಾರದೆ ಅಂಗಳಕ್ಕೆ ಬಂದು ನಿಂತರು. ಯಂತ್ರ ರಂಗಸ್ವಾಮಯ್ಯನವರ ಕಾರಿನ ಬಂಪರ್ ಕಚ್ಚಿಕೊಂಡಿತು. ಎರಡೂ ಗವಸು ಜೋಡಿಸಿತು. ತಲೆ ಬಗ್ಗಿಸಿತು. ಸಾಲದೆಂದು ಕೈ ಅಡ್ಡ ಹಾಕಿ ಕಿವಿ ಬೇರೆ ಹಿಡಿದುಕೊಂಡಿತು!

"ಕಾರಲ್ವಾ ಸ್ವಾಮಿ, ನಾಕು ಗಾಲಿ ಇದೆ, ಬೀಳಲ್ಲ ಅಂದ್ಕೊಂಡೆ," ಎಂದರು ರಂಗಸ್ವಾಮಯ್ಯ, ನೆಲ ನೋಡುತ್ತ.

"ಗೆದ್ವಿ ಅತ್ತಿಗೆ! ತಪ್ಪು ಪೂರ್ತಿ ಅವರದೇ!" ಪದ್ದು ಕುಣಿದ.

ರಂಗಸ್ವಾಮಯ್ಯನವರ ಬಾಡಿದ ಮುಖ ಕಂಡು ಶೇಷಮ್ಮನವರಿಗೆ ಶನಿವಾರ ಗುಡಿಯಲ್ಲಿ ಕೇಳಿದ ಕಾವ್ಯವಾಚನ ನೆನಪಾಯಿತು. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಾಜನ ರಥ, ಒಂದೇ ಒಂದು ಅರ್ಧಸತ್ಯಕ್ಕೆ ಧೊಪ್ಪನೆ ಕೆಳಗಿಳಿದಿತ್ತಲ್ಲ! ತಮ್ಮ ಸ್ಕೂಟರಂತೂ ಮೊದಲೇ ನೆಲದ ಮೇಲೆ. ಇನ್ನೆಲ್ಲಿಗೆ ಇಳಿದೀತೋ!

"ಪದ್ದು, ನನ್ನ ಸ್ಕೂಟರಿಗೂ ಹಾಕೋ."

"ಅತ್ತಿಗೆ, ಆಪರೇಷನ್ನು!"

"ಹಾಕು ಅಂದೆ. ಕೈ ಮುಗಿದದ್ದು ಗಣಪತಿಗೆ. ಮುಗೀಲಿಲ್ಲ ಅಂತ ಅವನ ಮೇಲೇ ಸುಳ್ಳು ಹೇಳ್ಲಾ?"

ಹಾಕಿದ. ಎದೆ, ತುಟಿ, ಮುಚ್ಚಿದ ಕಣ್ಣು, ಎಲ್ಲರೂ ನೋಡಿದರು. ಆದರೆ ಯಂತ್ರ ನಿಲ್ಲಬೇಕಲ್ಲ! ಹನ್ನೆರಡು ವರ್ಷ ಆ ತಿರುವಿನಲ್ಲಿ ಸ್ಕೂಟರು ಕಂಡ ನಮಸ್ಕಾರಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸತೊಡಗಿತು. ಎದೆ, ತುಟಿ, ಎದೆ, ತುಟಿ! ಸ್ವಿಚ್ಚಿಗೆ ಬಗ್ಗಿದ ಪದ್ದುವಿನ ಕೆನ್ನೆಗೆ ಛಟೀರ್! ರಂಗಸ್ವಾಮಯ್ಯನವರ ವಿಮೆ ಕಂಪನಿಯ ವಕೀಲರ ಕಡತ ಹೊಂಗೆ ಮರದ ಮೇಲೆ! ಕೊನೆಗೆ ಸ್ಕೂಟರಿನಿಂದ ಕಿತ್ತು ಹಾರಿ, ಪಕ್ಕದಲ್ಲಿ ನಿಂತಿದ್ದ ನ್ಯಾಯಾಧೀಶರ ಕಾರಿನ ತರಚಿದ ಮೂಲೆಯನ್ನೇ ಕಚ್ಚಿಕೊಂಡಿತು.

ಗವಸುಗಳು ನಿಧಾನವಾಗಿ ಒಂದಕ್ಕೊಂದು ಕೂಡಿಕೊಂಡವು. ಗೊಂಬೆ ಕಣ್ಣು ಮುಚ್ಚಿತು.

"ಅವತ್ತು ಡ್ರೈವರ್ ರಜೆಯಲ್ಲಿದ್ದ," ಎಂದು ನ್ಯಾಯಾಧೀಶರು ಯಾರೂ ಕೇಳದೆಯೇ ಹೇಳಿ, ಕೆಮ್ಮಿದರು. "ತಪ್ಪು ಇಬ್ಬರದೂ ಅರ್ಧರ್ಧ. ಒಪ್ಪಿಗೆ ತಾನೆ? ಬೇಗ ಹೇಳಿ! ಏನಯ್ಯಾ, ಮೊದಲು ಅದನ್ನ ಆಫ್ ಮಾಡು!"

ಸಿಕ್ಕ ಅರ್ಧ ಪರಿಹಾರದಲ್ಲಿ ಸರ್ಕಾರಿ ದೊಡ್ಡಾಸ್ಪತ್ರೆಯಲ್ಲೇ ಆಪರೇಷನ್ ಆಯಿತು. ಕೈ ಕೂಡುವ ತನಕ ದಿನಾ ಬಂದು ಹೂ ಕಟ್ಟಿದವರು ರಂಗಸ್ವಾಮಯ್ಯ. ಅವರ ಮಾಲೆ ಸೊಟ್ಟಗಿರುತ್ತಿತ್ತು, ಗಣಪತಿ ತಕರಾರು ಮಾಡಲಿಲ್ಲ.

ಯಂತ್ರವನ್ನು ಪದ್ದು ಗುಡಿಯ ತಿರುವಿನ ಕಂಬಕ್ಕೆ ಕಟ್ಟಿದ್ದಾನೆ. ಹೋಗಿ ಬರುವ ಗಾಡಿಗಳ ಪರವಾಗಿ ಅದೇ ಕೈ ಮುಗಿಯುತ್ತದೆ, ಸವಾರರು ನಿಶ್ಚಿಂತೆಯಿಂದ ಹ್ಯಾಂಡಲ್ ಹಿಡಿದು ಹೋಗಬಹುದು.

ಆದರೆ ವಾರದೊಳಗೆ ಯಾರೋ ಗೊಂಬೆಯ ಹಣೆಗೆ ಕುಂಕುಮ ಹಚ್ಚಿದರು. ಈಗ ಸವಾರರು ಒಂದು ಕೈ ಗಣಪತಿಗೆ ಎತ್ತುತ್ತಾರೆ, ಇನ್ನೊಂದು ಯಂತ್ರಕ್ಕೆ.