ಮಾವನ ಮಿಸ್ಟರು, ಮಿಸೆಸ್ಸು

ನಮ್ಮ ಸೋದರಮಾವನ ಎದುರು ಯಾವ ಮನುಷ್ಯನೂ ಬರೀ ಹೆಸರಿನಲ್ಲಿ ಓಡಾಡುವಂತಿರಲಿಲ್ಲ! ಹೆಸರಿನ ಮುಂದೆ ಮಿಸ್ಟರೋ ಮಿಸೆಸ್ಸೋ ಅಂಟಿಸದೆ ಬಿಡುವ ಆಸಾಮಿಯೇ ಅಲ್ಲ ಅವರು. ಬೇಲಾಪುರದ ಒಂದು ಆಫೀಸಿನಲ್ಲಿ ಲಕೋಟೆಗಳ ಮೇಲೆ ವಿಳಾಸ ಬರೆದು ಬರೆದೇ ರಿಟೈರಾದವರು. ಡೊಂಬಿವಲಿಯ ನಮ್ಮ ಹಳೇ ಬಿಲ್ಡಿಂಗಿನಲ್ಲಿ ಅವರು ಮೂರನೇ ಮಾಳಿಗೆ, ನಾವು ಗ್ರೌಂಡ್ ಫ್ಲೋರು. ಈಗ ಅಲ್ಲಿ ದೊಡ್ಡ ಟವರ್ ಎದ್ದಿದೆ, ಮಾವ ಟಿಟ್ವಾಳಾ ಸೇರಿದ್ದಾರೆ. ಆದರೂ ಆ ಕಡೆ ಹೋದಾಗ ನನ್ನ ಕಿವಿಗೆ ಅವರ ದನಿಯೇ ಕೇಳಿಸುವುದು.

ಬೆಳಿಗ್ಗೆ ಹಾಲಿನ ಭಯ್ಯಾ ಬಂದರೆ, "ಗುಡ್ ಮಾರ್ನಿಂಗ್, ಮಿಸ್ಟರ್ ಯಾದವ್!" ಪಾಪ, ಆ ಮರ್ಯಾದೆಗೆ ಬೆದರಿ ಅವನು ಹಾಲಿಗೆ ನೀರು ಹಾಕುವುದನ್ನೇ ಬಿಟ್ಟನಂತೆ! ಇದು ಅತ್ತೆ ಹೇಳಿದ್ದು. ಅತ್ತೆಯ ಮಾತಿನಲ್ಲಿ ಅರ್ಧ ಕಳೆದೇ ನಂಬಬೇಕು.

ಲೋಕಲ್ ಟ್ರೇನಿನಲ್ಲಿ ಕಾಲು ತುಳಿದವನಿಗೂ, "ಮಿಸ್ಟರ್, ಇಫ್ ಯು ಪ್ಲೀಸ್..." ಅಷ್ಟು ಹೇಳಿ ಮುಗಿಸುವುದರೊಳಗೆ ಇನ್ನೂ ನಾಲ್ಕು ಮಿಸ್ಟರುಗಳು ತುಳಿದು ಠಾಣೆಯಲ್ಲಿ ಇಳಿದು ಹೋಗಿರುತ್ತಿದ್ದರು!

ಸಂಕ್ರಾಂತಿಗೆ ಬಿಲ್ಡಿಂಗಿನ ಅಂಗಳದಲ್ಲಿ ಹಳದಿ-ಕುಂಕುಮ. ಹೆಂಗಸರಿಗೆ ಕುಂಕುಮ, ಎಳ್ಳುಂಡೆ, ಜೊತೆಗೊಂದು ಸ್ಟೀಲ್ ಡಬ್ಬಿ. ಡಬ್ಬಿಗೆ ನೂಕುನುಗ್ಗಲಾಗದಂತೆ ಮೈಕ್ ಹಿಡಿದು ಒಬ್ಬೊಬ್ಬರನ್ನೇ ಕರೆಯುವುದು ಮಾವನ ಕೆಲಸ. "ಮಿಸೆಸ್ ಶೆಟ್ಟಿ, ಸೆಕೆಂಡ್ ಫ್ಲೋರ್!" ಗಂಡ ಇರುವವರಿಗೆ ಮಾತ್ರ ಆ ಕರೆ. ಉಳಿದವರು ಮನೆಯೊಳಗೆ. ಅದು ಪದ್ಧತಿ, ಯಾರೂ ಯಾಕೆ ಅಂತ ಕೇಳಿದವರಲ್ಲ.

ಹೀಗಿರುವಾಗ ಒಂದನೇ ಮಾಳಿಗೆಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಮಾವ ನೇಮ್‌ಬೋರ್ಡಿಗೆ ಬಣ್ಣದ ಡಬ್ಬಿ ಹಿಡಿದು ಹೊರಟರು. "ಮಿಸ್ ಬರೆಯಲೋ, ಮಿಸೆಸ್ ಬರೆಯಲೋ?"

"ಮಿಜ್ ಲಿಖೋ ನಾ ಅಂಕಲ್. ಶಾದಿ ಹುಯೀ ಕಿ ನಹೀ, ಬೋರ್ಡ್ ಕೋ ಕ್ಯಾ ಕರ್ನಾ ಹೈ?" ಮದುವೆ ಆಗಿದೆಯೋ ಇಲ್ಲವೋ, ಬೋರ್ಡಿಗೆ ಯಾಕೆ ಬೇಕು, ಅಂದುಬಿಟ್ಟಳು ಹುಡುಗಿ.

ಮಾವ ಸೀದಾ ನಮ್ಮ ಮನೆಗೆ ಬಂದು ಅಮ್ಮನ ಎದುರು ಕೂತರು. "ಅಲ್ಲ ಮಾರಾಯ್ತಿ, ಇದೆಂಥ ಟೈಟಲು! ಮದುವೆ ಆಗಿದೆಯಾ ಇಲ್ಲವಾ ಒಂದೂ ಗೊತ್ತಾಗುವುದಿಲ್ಲವಲ್ಲ!"

"ನಿಮ್ಮ ಮಿಸ್ಟರಿನಲ್ಲಿ ಮತ್ತೆ ಎಂಥ ಗೊತ್ತಾಗ್ತದೆ ಅಣ್ಣ?" ಅಂದಳು ಅಮ್ಮ.

ಮಾವ ಚಾ ಅಲ್ಲೇ ಬಿಟ್ಟು, ಬಣ್ಣದ ಡಬ್ಬಿ ಎತ್ತಿಕೊಂಡು ಎದ್ದರು.

ಆ ಮಳೆಗಾಲದಲ್ಲಿ ಅಪ್ಪ ಹೋಗಿಬಿಟ್ಟರು. ಸಂಕ್ರಾಂತಿ ಬಂತು. ಅಮ್ಮ ಎಂದಿನಂತೆ ಎಳ್ಳುಂಡೆ ಕಟ್ಟಿ ಕೊಟ್ಟು ಕಳಿಸಿದಳು. ತಾನು ಕಿಟಕಿ ಮುಚ್ಚಿ ಮಂಚದ ಮೇಲೆ ಕೂತಳು. ಅಪ್ಪ ಹೋದ ದಿನಕ್ಕಿಂತ ಆ ಸಂಜೆ ಅವಳನ್ನು ನೋಡುವುದು ನನಗೆ ಕಷ್ಟವಾಯಿತು. ಹೊರಗೆ ಮೈಕ್ ಗೊರಗೊರ ಅಂದಿತು.

"ಮಿಜ್ ಶೆಟ್ಟಿ, ಸೆಕೆಂಡ್ ಫ್ಲೋರ್! ಮಿಜ್ ಕುಲಕರ್ಣಿ, ಥರ್ಡ್ ಫ್ಲೋರ್!"

ಅಂಗಳದಲ್ಲಿ ನಗೆಯೋ ನಗೆ. "ಅಹೋ ಕಾಕಾ, ಆಮ್ಹಾಲಾ ನವರೆ ಆಹೇತ್!" ನಮಗೆಲ್ಲ ಗಂಡಂದಿರಿದ್ದಾರಪ್ಪಾ, ಅಂತ ಕುಲಕರ್ಣಿಬಾಯಿ ಕೂಗಿದರು.

"ಇರಲಿ, ಸಂತೋಷ! ನಾನು ಕೇಳಲಿಲ್ಲವಲ್ಲ!" ಅಂದರು ಮಾವ. ಮಾಳಿಗೆ ಮಾಳಿಗೆಯಾಗಿ ಎಲ್ಲರೂ ಮಿಜ್. ಬ್ಯಾಂಕಿನ ಹುಡುಗಿಯೂ ಬಂದು ಡಬ್ಬಿ ತೆಗೆದುಕೊಂಡು ಹೋದಳು. ಆಮೇಲೆ, "ಮಿಜ್ ಸುಮತಿ ರಾವ್, ಗ್ರೌಂಡ್ ಫ್ಲೋರ್."

ನಗು ನಿಂತಿತು. ಅಮ್ಮ ಅಲುಗಾಡಲಿಲ್ಲ. "ಅಣ್ಣನಿಗೆ ತಲೆ ಕೆಟ್ಟಿದೆ," ಅಂದಳು.

ಮಾವ ಇನ್ನೊಮ್ಮೆ ಕರೆದರು. ಯಾರೋ ಅಜ್ಜಿ ಗೊಣಗಿದ್ದು ಮೈಕಿನಲ್ಲೇ ಕೇಳಿಸಿತು.

ಆಮೇಲೆ ಮಾವನದೇ, ಆದರೆ ಹುಟ್ಟಿದಾಗಿನಿಂದ ನಾನು ಕೇಳಿರದ ಒಂದು ದನಿ ಬಂತು. ಮುಂದೆ ಮಿಸ್ಸಿಲ್ಲ, ಮಿಸೆಸ್ಸಿಲ್ಲ, ಮಿಜ್ಜೂ ಇಲ್ಲ.

"ಸುಮತೀ... ಬಾರೆ."

ಅಮ್ಮ ಕಣ್ಣೊರೆಸಿಕೊಂಡು ಎದ್ದಳು. "ಬಂದೆ ಅಣ್ಣಾ," ಅಂತ ಒಳಗಿನಿಂದಲೇ ಕೂಗಿ, ಬಾಗಿಲು ತೆರೆದಳು.